ಎಡಗೆನ್ನೆಯ ಕಲೆ, ಪಕ್ಕದ ಮನೆಯ ಟ್ಯೂಬು

ಪ್ರಶ್ನೆ: ಡಾಕ್ಟ್ರೇ, ನನಗೆ 59 ವರ್ಷ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಟಿ ಸ್ಟೇಷನ್ನಿಗೆ 31 ವರ್ಷ ಲೋಕಲ್ ರೈಲಿನಲ್ಲಿ ಓಡಾಡಿ, ಹೋದ ವರ್ಷ ಬ್ಯಾಂಕಿನಿಂದ ನಿವೃತ್ತಳಾದೆ. ಎಡಗೆನ್ನೆಯ ಮೇಲೆ ಮೂರು ಕಂದು ಕಲೆಗಳಿವೆ. ಕೈಗಳ ಹಿಂಬದಿಯಲ್ಲೂ ಅಂಥವೇ ಏಳೆಂಟು. ಊರಿಗೆ ಹೋದಾಗ ಅತ್ತಿಗೆ ‘ಬಂಗು’ ಅಂದರು. ಪಕ್ಕದ ಮನೆಯವರು ಹೇಳಿದ ಕ್ರೀಮನ್ನು ಮೂರು ತಿಂಗಳಿಂದ ಹಚ್ಚುತ್ತಿದ್ದೇನೆ, ಕಲೆಯ, ಟ್ಯೂಬಿನ ಫೋಟೋ ಕಳಿಸಿದ್ದೇನೆ. ಮೊದಲು ಕಲೆ ತಿಳಿಯಾಯಿತು. ಈಗ ಬಿಸಿಲಿಗೆ ಹೋದರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ಬದಲಿಗೆ ನಿಂಬೆರಸ ಹಚ್ಚಬಹುದಾ? ಮಗಳು ಸನ್‌ಸ್ಕ್ರೀನ್ ತಂದುಕೊಟ್ಟಿದ್ದಾಳೆ. ಮನೆಯಲ್ಲೇ ಇರುವವಳಿಗೆ ಅದ್ಯಾಕೆ?
– ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಅಕ್ಕ, ಮೊದಲು ಆ ಟ್ಯೂಬಿನ ವಿಷಯ. ಅದರಲ್ಲಿ ಮೂರು ಔಷಧಿಗಳಿವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಬಂಗಿಗೆ ನಾವೇ ಬರೆದುಕೊಡುವ ಔಷಧಿ ಇದು. ಆದರೆ ಕೆಲವೇ ವಾರಗಳಿಗೆ, ಅದೂ ನಡುನಡುವೆ ಮುಖ ನೋಡುತ್ತಾ. ಮೊದಮೊದಲು ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಒಬ್ಬರಿಂದ ಒಬ್ಬರಿಗೆ, ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತದೆ. ಆಮೇಲೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ. ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಕೂದಲು ಬರುತ್ತದೆ. ನಿಮ್ಮ ಉರಿಯೂ ಅದರದ್ದೇ ಅನಿಸುತ್ತಿದೆ. ಹೈಡ್ರೋಕ್ವಿನೋನನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಚ್ಚಿದವರಲ್ಲಿ ಕೆಲವರಿಗೆ ಕಲೆ ಹೋಗುವ ಬದಲು ನೀಲಿ ಮಿಶ್ರಿತ ಕಪ್ಪು ಬಣ್ಣ ಕೂತುಬಿಡುತ್ತದೆ. ಅದನ್ನು ತೆಗೆಯುವುದು ನಮಗೂ ಬಹಳ ಕಷ್ಟ. ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಇಂಥ ಮುಖಗಳು ಬಂದಾಗಲೆಲ್ಲ ಸಂಕಟವಾಗುತ್ತದೆ. ಇದು ತಪ್ಪಿಸಬಹುದಾಗಿದ್ದ ನೋವು.

ಹಾಗಂತ ಇವತ್ತೇ ಟ್ಯೂಬನ್ನು ಕಸಕ್ಕೆ ಎಸೆಯಬೇಡಿ. ಮೂರು ತಿಂಗಳ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಉರಿ ಇನ್ನೂ ಜಾಸ್ತಿಯಾಗಬಹುದು. ಈ ವಾರವೇ ಹತ್ತಿರದ ಚರ್ಮದ ಡಾಕ್ಟರ ಬಳಿ ಹೋಗಿ. ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಎಷ್ಟು ದಿನ ಹಚ್ಚಿದ್ದೀರಿ ಅಂತ ಸಂಕೋಚವಿಲ್ಲದೆ ಹೇಳಿ. ಹೇಗೆ ಬಿಡಿಸಬೇಕು ಅಂತ ಅವರು ಹೇಳುತ್ತಾರೆ.

ಇನ್ನು ಕಲೆ. ಬಂಗು ಸಾಮಾನ್ಯವಾಗಿ ಎರಡೂ ಕೆನ್ನೆಗೆ, ಹಣೆಗೆ, ಮೇಲ್ತುಟಿಯ ಮೇಲೆ ಹರಡಿಕೊಂಡು ಬರುತ್ತದೆ. ನಿಮ್ಮದು ಬಿಡಿ ಬಿಡಿ ಕಲೆ, ಅಂಚು ಸ್ಪಷ್ಟ, ಕೈ ಮೇಲೂ ಇದೆ. ಫೋಟೋದಲ್ಲಿ ನೋಡಿದರೆ ಬಿಸಿಲಿನ ಕಲೆಯ ಹಾಗಿದೆ. ವರ್ಷಗಳ ಬಿಸಿಲು ಒಟ್ಟಾಗಿ, ವಯಸ್ಸು 40–50 ದಾಟಿದ ಮೇಲೆ ಹೊರಗೆ ಬರುವುದು ಹೀಗೇ.

ಎಡಗೆನ್ನೆಗೇ ಯಾಕೆ? ನೀವು ಗಾಳಿ ಎದುರು ಬರುವ ಕಿಟಕಿ ಸೀಟು ಹಿಡಿಯುತ್ತಿದ್ದಿರಾ, ಅದೂ ಎಡಗಡೆಯದು? ಥಾಣೆ ದಾಟಿದ ಮೇಲೆ ಗಾಡಿ ಹೆಚ್ಚುಕಡಿಮೆ ದಕ್ಷಿಣಕ್ಕೆ ಓಡುತ್ತದೆ. ಬೆಳಿಗ್ಗೆ ಪೂರ್ವದ ಬಿಸಿಲು ಎಡಕ್ಕೆ. ಸಂಜೆ ಉತ್ತರಕ್ಕೆ ಮುಖ ಮಾಡಿ ವಾಪಸ್ ಬರುವಾಗ ಪಶ್ಚಿಮದ ಬಿಸಿಲು, ಅದೂ ಎಡಕ್ಕೇ! ನನ್ನ ಅಪ್ಪ ಟೆಂಪೋ ಓಡಿಸುತ್ತಿದ್ದರು. ಅವರ ಬಲಗೆನ್ನೆ, ಕಿಟಕಿ ಮೇಲೆ ಇಡುತ್ತಿದ್ದ ಬಲಗೈ, ಎರಡೂ ಎಡಗಡೆಗಿಂತ ಎದ್ದು ಕಾಣುವಷ್ಟು ಕಪ್ಪಾಗಿದ್ದವು. ಅದರ ಕಾರಣ ನನಗೆ ಗೊತ್ತಾಗಿದ್ದು ಡಾಕ್ಟರಿಕೆ ಓದುವಾಗ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣಗಳಿರುತ್ತವೆ. ಚರ್ಮ ಸುಡುವ ಯುವಿ-ಬಿ ಕಿರಣ ನಡು ಮಧ್ಯಾಹ್ನ ಜೋರು. ಆಳಕ್ಕಿಳಿದು ಕಲೆ, ಸುಕ್ಕು ತರುವ ಯುವಿ-ಎ ಬೆಳಗಿನಿಂದ ಸಂಜೆಯವರೆಗೂ ಇರುತ್ತದೆ. ಮೋಡವನ್ನೂ ದಾಟುತ್ತದೆ, ಸಾಮಾನ್ಯ ಕಿಟಕಿ ಗಾಜನ್ನೂ ದಾಟುತ್ತದೆ. ‘ಮನೆಯಲ್ಲೇ ಇದ್ದೇನೆ’ ಅಂದಿರಲ್ಲ, ಕಿಟಕಿ ಪಕ್ಕ ಪೇಪರ್ ಓದುತ್ತೀರಿ, ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುತ್ತೀರಿ, ಹನ್ನೊಂದು ಗಂಟೆಗೆ ತರಕಾರಿಗೆ ಹೋಗುತ್ತೀರಿ, ಅಲ್ವಾ? ಮುಂಬೈಯಲ್ಲಿ ಮೇ ಮಧ್ಯದಲ್ಲೊಮ್ಮೆ, ಜುಲೈ ಕೊನೆಯಲ್ಲೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ಮಳೆಗಾಲ ಅಂತ ಮೈಮರೆಯುವ ಹಾಗಿಲ್ಲ.

ಆದ್ದರಿಂದ ಮಗಳು ತಂದದ್ದನ್ನು ಹಚ್ಚಿ. ಎಸ್‌ಪಿಎಫ್ 30 ಇದ್ದರೆ ಸಾಕು, ಅದು ಯುವಿ-ಬಿಯ ಶೇಕಡಾ 97ರಷ್ಟನ್ನು ತಡೆಯುತ್ತದೆ. 50 ಇದ್ದರೆ 98, ಅಷ್ಟೇ ವ್ಯತ್ಯಾಸ. ಯುವಿ-ಎಗೆ ಬೇಕಾದದ್ದು ಪಕ್ಕದಲ್ಲಿರುವ ಪಿಎ ಗುರುತು, ಮೂರು ಪ್ಲಸ್ ಇರಲಿ. ನಮ್ಮ ಕಂದು ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆ ಹಚ್ಚಿ. ಕೈಗಳಿಗೆ ಬೇರೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕೊಡೆಯಂತೂ ಇರಲೇಬೇಕು.

ನಿಂಬೆರಸ ಬೇಡವೇ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆ ಬಂದು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು.

ಉರಿ ಪೂರ್ತಿ ಆರಿದ ಮೇಲೆ ಕಲೆಗೆ ಚಿಕಿತ್ಸೆ. ಅಜೆಲಾಯಿಕ್ ಆಸಿಡ್ ಇರುವ ಕ್ರೀಮು ಇಂಥ ಚರ್ಮಕ್ಕೆ ಸೌಮ್ಯ, ಆದರೆ ಮೂರ್ನಾಲ್ಕು ತಿಂಗಳು ತಾಳ್ಮೆ ಬೇಕು. ಲೇಸರ್‌ನಲ್ಲಿ ಬೇಗ ಹೋಗುತ್ತದೆ. ನಮ್ಮ ಬಣ್ಣದವರಿಗೆ ಲೇಸರ್ ಆದ ಜಾಗವೇ ಮತ್ತೆ ಕಪ್ಪಾಗುವ ಸಾಧ್ಯತೆ ಇರುವುದರಿಂದ, ಅದನ್ನು ಚರ್ಮದ ಡಾಕ್ಟರೇ ಮಾಡಬೇಕು. ಪಾರ್ಲರ್‌ನಲ್ಲಿ ಮಾತ್ರ ಬೇಡ. ಯಾರಾದರೂ ‘ಮುಖವೂ ಬೆಳ್ಳಗಾಗುತ್ತೆ’ ಅಂದರೆ ಎದ್ದು ಬನ್ನಿ. ಬೆಳ್ಳಗಾಗುವ ಆಸೆಗೆ ಎಷ್ಟೊಂದು ಹೆಣ್ಣುಮಕ್ಕಳು ಮುಖ ಕೆಡಿಸಿಕೊಂಡಿದ್ದನ್ನು ಕಂಡಿದ್ದೇನೆ. ನಿಮ್ಮ ಬಣ್ಣ ನಿಮ್ಮದು, ಅದಕ್ಕೆ ಔಷಧಿ ಬೇಕಿಲ್ಲ.

ಒಂದು ಕಲೆ ದೊಡ್ಡದಾಗುತ್ತಿದ್ದರೆ, ಅಂಚು ವಕ್ರವಾದರೆ, ಒಂದರಲ್ಲೇ ಎರಡು ಮೂರು ಬಣ್ಣ ಕಂಡರೆ, ರಕ್ತ ಬಂದರೆ ಮಾತ್ರ ಕಾಯಬೇಡಿ, ಕೂಡಲೇ ತೋರಿಸಿ.

ಪ್ರಶ್ನೆ: ಕಾಲೇಜಿಗೆ ಸ್ಕೂಟರ್‌ನಲ್ಲಿ ಹೋಗುವಾಗ ಮುಖಕ್ಕೆ ಸ್ಕಾರ್ಫ್ ಕಟ್ಟುತ್ತೇನೆ. ಆದರೂ ಸನ್‌ಸ್ಕ್ರೀನ್ ಬೇಕಾ ಮೇಡಂ?
– ವಿದ್ಯಾರ್ಥಿನಿ, ಪುಣೆ

ಉತ್ತರ: ಸ್ಕಾರ್ಫನ್ನು ಬೆಳಕಿಗೆ ಹಿಡಿದು ನೋಡಮ್ಮ. ಆಚೆ ಕಡೆ ಕಂಡರೆ ಬಿಸಿಲೂ ಒಳಗೆ ಬರುತ್ತದೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಇರಲಿ. ಕಣ್ಣಿನ ಸುತ್ತ, ಹಣೆಗೆ ಸನ್‌ಸ್ಕ್ರೀನ್ ಬೇಕೇ ಬೇಕು. ಹ್ಯಾಂಡಲ್ ಹಿಡಿಯುವ ಕೈಗಳನ್ನು ಎಲ್ಲರೂ ಮರೆಯುತ್ತಾರೆ, ನೀನು ಮರೆಯಬೇಡ.