ಕಂಪನಿ ನಿಜವಾಗ್ಲೂ ಪರಿಸರಸ್ನೇಹಿನಾ ಅಂತ ಮಷಿನ್ ಲರ್ನಿಂಗ್ ಹೇಳಬಲ್ದಾ? ಅದನ್ನ ನಂಬಿ ದುಡ್ಡು ಹಾಕಬಹುದಾ?

ಸ್ವಲ್ಪ ಮಟ್ಟಿಗೆ ಹೇಳುತ್ತೆ, ಆದ್ರೆ ಅದು ಕಂಪನಿಗೆ ಕೊಡೋ ಸ್ಕೋರ್ ಒಂದನ್ನೇ ನೋಡಿ ದುಡ್ಡು ಹಾಕಬೇಡಿ.

ನಮ್ಮಲ್ಲಿ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿ 2022-23ರಿಂದ ಟಾಪ್ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅನ್ನೋ, ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆ ಬಗ್ಗೆ ಕೊಡೋ ರಿಪೋರ್ಟ್ ಕಡ್ಡಾಯ ಮಾಡಿದೆ, ಎಷ್ಟು ನೀರು ಎತ್ತಿದ್ರು, ಎಷ್ಟು ಕರೆಂಟ್ ಸುಟ್ರು, ಕೆಲಸದಲ್ಲಿ ಎಷ್ಟು ಜನಕ್ಕೆ ಪೆಟ್ಟಾಯ್ತು ಎಲ್ಲಾ ಅದರಲ್ಲಿ ಬರ್ಬೇಕು. ಇಷ್ಟನ್ನೂ ಕೂತು ಓದೋಕೆ ಯಾರಿಗೆ ಆಗುತ್ತೆ ಹೇಳಿ, ಅಲ್ಲೇ ಮಾಡೆಲ್, ಅಂದ್ರೆ ಡೇಟಾ ನೋಡಿ ಕಲಿತ ಕಂಪ್ಯೂಟರ್ ಪ್ರೋಗ್ರಾಮ್, ನಿಜವಾಗಿ ಕೆಲಸಕ್ಕೆ ಬರೋದು. "ನೀರು ಉಳಿಸಲು ನಾವು ಬದ್ಧರು" ಅನ್ನೋದು ಬರೀ ಮಾತು, "ಹೋದ ವರ್ಷಕ್ಕಿಂತ ಇಷ್ಟು ಕಿಲೋಲೀಟರ್ ಕಮ್ಮಿ ಎತ್ತಿದ್ವಿ" ಅನ್ನೋದು ಲೆಕ್ಕ. ಈ ಎರಡನ್ನ ಬೇರೆ ಮಾಡೋಕೆ ಕ್ಲೈಮೇಟ್‌ಬರ್ಟ್ ತರದ ಭಾಷಾ ಮಾಡೆಲ್‌ಗಳನ್ನ ಬಳಸ್ತಾರೆ.

ತೊಂದರೆ ಇರೋದು ಮಾಡೆಲ್‌ಗೆ ಯಾವುದನ್ನ ಸರಿ ಉತ್ತರ ಅಂತ ಕಲಿಸ್ತೀವಿ ಅನ್ನೋದ್ರಲ್ಲಿ. ಬರ್ಗ್, ಕೋಲ್ಬೆಲ್, ರಿಗೊಬೊನ್ ಅವರ 2022ರ ಪೇಪರ್‌ನಲ್ಲಿ ಆರು ರೇಟಿಂಗ್ ಸಂಸ್ಥೆಗಳ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂಕಗಳನ್ನ ಹೋಲಿಸಿದ್ರೆ ಸರಾಸರಿ ಕೋರಿಲೇಶನ್ ಬರೀ 0.54, ಪೂರ್ತಿ ಹೊಂದಿಕೆ ಆದ್ರೆ ಅದು 1 ಆಗ್ಬೇಕು. ಹಂಗಾಗಿ ಒಂದು ಸಂಸ್ಥೆಯ ರೇಟಿಂಗ್ ಇಟ್ಕೊಂಡು ಟ್ರೈನ್ ಮಾಡಿದ್ರೆ ಮಾಡೆಲ್ ಕಲಿಯೋದು ಆ ಸಂಸ್ಥೆಯ ಅಭಿಪ್ರಾಯವನ್ನೇ ಹೊರತು ಕಂಪನಿಯ ನಡತೆಯನ್ನಲ್ಲ. ಫೋಕ್ಸ್‌ವಾಗನ್ ನೋಡಿ, 2015ರ ಸೆಪ್ಟೆಂಬರ್‌ನಲ್ಲಿ ಪರಿಸರ, ಸಮಾಜದ ವಿಷಯದಲ್ಲಿ ಮುಂದಿರೋ ಕಂಪನಿಗಳ ಪಟ್ಟಿಯಾದ ಡೌ ಜೋನ್ಸ್ ಸಸ್ಟೇನಬಿಲಿಟಿ ಇಂಡೆಕ್ಸ್‌ನಲ್ಲಿ ಕಾರು ಕಂಪನಿಗಳ ಪೈಕಿ ಮೊದಲ ಸ್ಥಾನ, ಅದೇ ತಿಂಗಳು ಡೀಸೆಲ್ ಹೊಗೆ ಟೆಸ್ಟ್‌ನಲ್ಲಿ ಮೋಸ ಮಾಡಿದ್ದು ಬಯಲಾಯ್ತು. ಬರೀ ಕಂಪನಿ ಬರೆದಿದ್ದನ್ನ ಓದೋ ಮಾಡೆಲ್‌ಗೆ ಇಂಥದ್ದು ಕಾಣಲ್ಲ.

ಅದಕ್ಕೇ ಸ್ಯಾಟಲೈಟ್‌ನ ಮೀಥೇನ್ ಅಳತೆ, ಕೋರ್ಟ್ ಕೇಸು, ಲೋಕಲ್ ಪೇಪರ್ ಸುದ್ದಿ ಇವನ್ನೂ ಸೇರಿಸಿರೋ ಮಾಡೆಲ್ ಮೇಲೆ ನನಗೆ ಜಾಸ್ತಿ ಭರವಸೆ. ನೀವು ಫಂಡ್ ಆರಿಸೋವಾಗ ಸ್ಕೋರ್ ಯಾವ ಡೇಟಾದಿಂದ ಬಂತು ಅಂತ ಮೊದಲು ಕೇಳಿ.