ನಗರಸಭೆಯು ಬೇಡವೆಂದದ್ದನ್ನು ಪ್ರಾಂತೀಯ ಸರ್ಕಾರ ಹೇರಬಹುದೇ?

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಗರಸಭೆಯ ತೀರ್ಮಾನವನ್ನು ಪ್ರಾಂತೀಯ ಸರ್ಕಾರ ಹೇಗೆ ತಳ್ಳಿಹಾಕಬಲ್ಲದು, ಆಗ ನಿವಾಸಿಗಳಿಗೆ ಯಾವ ದಾರಿ ಉಳಿಯುತ್ತದೆ ಎಂದು ಕೇಳಿದ್ದೀರಿ. ನಾನು ಇಲ್ಲಿಯ ನಿವಾಸಿ, ಈ ವಿಷಯದಲ್ಲಿ ತಟಸ್ಥನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾನೂನಿನ ಮಟ್ಟಿಗೆ ಉತ್ತರ ಚಿಕ್ಕದು: ಹೇರಬಹುದು. ಕೆನಡಾದ 1867ರ ಸಂವಿಧಾನ ಕಾಯಿದೆಯ 92ನೆಯ ವಿಧಿಯು ಪೌರಸಂಸ್ಥೆಗಳನ್ನು ಪ್ರಾಂತ್ಯಗಳ ಅಧಿಕಾರಕ್ಕೆ ಒಪ್ಪಿಸಿದೆ. ಭಾರತದಲ್ಲಿ 74ನೆಯ ತಿದ್ದುಪಡಿಯಿಂದ ನಗರಾಡಳಿತಕ್ಕೆ ಸಂವಿಧಾನದೊಳಗೇ ಒಂದು ಸ್ಥಾನ ದೊರೆತಿದೆ (ಆಚರಣೆಯಲ್ಲಿ ಆ ಸ್ಥಾನ ಎಷ್ಟು ಗಟ್ಟಿ ಎಂಬುದು ಬೇರೆ ಮಾತು). ಇಲ್ಲಿ ಅದೂ ಇಲ್ಲ.

ಟೊರಾಂಟೊದ ಉದಾಹರಣೆ ನೋಡಿ. 1997ರಲ್ಲಿ ಆರು ಪೌರಸಂಸ್ಥೆಗಳನ್ನು ಒಂದಾಗಿಸುವ ಯೋಜನೆಯ ಬಗ್ಗೆ ಆ ಸಂಸ್ಥೆಗಳೇ ಜನಾಭಿಪ್ರಾಯ ಕೇಳಿದಾಗ ಮತ ಚಲಾಯಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬೇಡವೆಂದರು. ಆದರೂ 1998ರ ಜನವರಿ 1ರಂದು ವಿಲೀನ ನಡೆದೇಹೋಯಿತು. 2018ರಲ್ಲಂತೂ ಅಭ್ಯರ್ಥಿಗಳು ಮನೆಮನೆಗೆ ಹೋಗಿ ಮತ ಯಾಚಿಸುತ್ತಿದ್ದಾಗಲೇ, ಅಕ್ಟೋಬರಿನ ಚುನಾವಣೆಗೆ ಕೆಲವೇ ವಾರಗಳಿರುವಾಗ, 47 ವಾರ್ಡುಗಳನ್ನು 25ಕ್ಕೆ ಇಳಿಸುವ ಕಾಯಿದೆ ಬಂತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು 5–4ರ ಬಹುಮತದಿಂದ ಎತ್ತಿಹಿಡಿಯಿತು. ಒಂದೇ ಒಂದು ಮತದ ಅಂತರ ಎಂದು ಸಮಾಧಾನಪಡುವವರೂ ಇದ್ದಾರೆ. ನನಗೆ ಅದರಿಂದ ಸಮಾಧಾನವಾಗಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಇಂಥ ದೊಡ್ಡ ಕಾಯಿದೆಗಳಲ್ಲ, ಮಂತ್ರಿಯೊಬ್ಬರ ಸಹಿಯಿಂದ ಹೊರಡುವ ಭೂಬಳಕೆಯ ಆದೇಶಗಳು. ಯೋಜನಾ ಕಾಯಿದೆಯ 47ನೆಯ ವಿಧಿಯಡಿ ಪೌರಾಡಳಿತ ಸಚಿವರು ಯಾವುದೇ ಜಮೀನನ್ನು ಯಾವ ಉದ್ದೇಶಕ್ಕೆ ಬಳಸಬೇಕೆಂದು ನೇರವಾಗಿ ವಿಧಿಸಬಹುದು. ಅದಕ್ಕೆ ಮೊದಲು ಸಾರ್ವಜನಿಕ ಸಭೆ ನಡೆಯಲೇಬೇಕೆಂದಿಲ್ಲ, ಆಮೇಲೆ ಭೂ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವೂ ಇಲ್ಲ. ನಾನಿರುವ ಊರಿನ ಅಂಚಿನ ಒಂದು ಹೊಲದ ಬಗ್ಗೆ ನಾವು ನೆರೆಹೊರೆಯವರು ಎರಡು ಚಳಿಗಾಲ ನಗರಸಭೆಗೆ ಅಲೆದು, ಐದೈದು ನಿಮಿಷದ ಸರದಿಗಾಗಿ ಕಾದು, ಮಳೆನೀರು ಎಲ್ಲಿ ನಿಲ್ಲುತ್ತದೆಂದು ನಕಾಶೆ ಬಿಡಿಸಿ ತೋರಿಸಿದ್ದೆವು. ಕೊನೆಗೆ ಮೇಲಿನಿಂದ ಬಂದ ಆದೇಶಕ್ಕೆ ಆ ನಕಾಶೆಯನ್ನು ನೋಡುವ ಅಗತ್ಯವೇ ಇರಲಿಲ್ಲ. ಮನೆಗಳ ಕೊರತೆ ನಿಜ, ಎಷ್ಟೋ ನಗರಸಭೆಗಳು ಬಡಾವಣೆಯ ಹಳಬರ ಒತ್ತಡಕ್ಕೆ ಮಣಿದು ಮನೆ ಕಟ್ಟುವುದನ್ನೇ ತಡೆದಿರುವುದೂ ನಿಜ. ನಮ್ಮ ವಾದ ಸೋತಿದ್ದರೆ ಒಪ್ಪಿಕೊಳ್ಳುತ್ತಿದ್ದೆವು. ಆದರೆ ಅದನ್ನು ಯಾರೂ ಕೇಳಲೇ ಇಲ್ಲ.

ಇನ್ನು ದಾರಿಯ ಮಾತು. ನಗರಸಭೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ವ್ಯರ್ಥ, ಒತ್ತಡ ಬೀಳಬೇಕಾದದ್ದು ಪ್ರಾಂತ್ಯದ ಶಾಸಕರ ಮೇಲೆ. ಹೊಲ, ಕಾಡುಗಳಲ್ಲಿ ಕಟ್ಟಡಗಳು ಏಳದಂತೆ ಕಾಪಾಡಲು 2005ರಲ್ಲಿ ರೂಪುಗೊಂಡ ಹಸಿರುಪಟ್ಟಿಯಿಂದ (ಗ್ರೀನ್‌ಬೆಲ್ಟ್) 2022ರ ಕೊನೆಯಲ್ಲಿ ಸುಮಾರು 7,400 ಎಕರೆಗಳನ್ನು ಮನೆ ನಿರ್ಮಾಣಕ್ಕೆಂದು ಹೊರತೆಗೆದಾಗ ರೈತರು, ಪರಿಸರಾಸಕ್ತರು, ಆಡಳಿತ ಪಕ್ಷಕ್ಕೇ ಮತ ಹಾಕಿದ್ದ ಹಳ್ಳಿಗರು ಸೇರಿ ಪಟ್ಟು ಹಿಡಿದರು. 2023ರ ಆಗಸ್ಟಿನಲ್ಲಿ ಪ್ರಾಂತ್ಯದ ಮಹಾಲೆಕ್ಕಪರಿಶೋಧಕರ ವರದಿಯು ಆ ಜಮೀನುಗಳ ಆಯ್ಕೆಯಲ್ಲಿ ಕೆಲವು ಬಿಲ್ಡರ್‌ಗಳಿಗೆ ಅನುಕೂಲವಾಗಿದ್ದನ್ನು ಬಯಲಿಗೆಳೆಯಿತು. ಮರುತಿಂಗಳೇ ವಸತಿ ಸಚಿವರು ರಾಜೀನಾಮೆ ಕೊಟ್ಟರು, ಪ್ರೀಮಿಯರ್ ಡಗ್ ಫೋರ್ಡ್ (ಇಲ್ಲಿ ಪ್ರಾಂತೀಯ ಸರ್ಕಾರದ ಮುಖ್ಯಸ್ಥರನ್ನು ಹಾಗೆನ್ನುತ್ತಾರೆ) ಕ್ಷಮೆ ಕೇಳಿ ನಿರ್ಧಾರವನ್ನು ಹಿಂತೆಗೆದುಕೊಂಡರು.

ನ್ಯಾಯಾಲಯದ ದಾರಿ ಇಕ್ಕಟ್ಟಿನದು, ಪೂರ್ತಿ ಮುಚ್ಚಿಲ್ಲ. ಟೊರಾಂಟೊದ ಮೂರು ಮುಖ್ಯರಸ್ತೆಗಳ ಸೈಕಲ್ ಪಥಗಳನ್ನು ಕಿತ್ತುಹಾಕಲು ಪ್ರಾಂತ್ಯ ಮಾಡಿದ ಕಾಯಿದೆಯನ್ನು 2025ರ ಜುಲೈನಲ್ಲಿ ಒಂಟಾರಿಯೊದ ಉನ್ನತ ನ್ಯಾಯಾಲಯ ಅಸಾಂವಿಧಾನಿಕವೆಂದಿತು, ಸರ್ಕಾರ ಅದರ ವಿರುದ್ಧ ಮೇಲ್ಮನವಿಗೆ ಹೋಯಿತು. ಆ ತೀರ್ಪು ನಿಂತದ್ದು ನಗರದ ಹಕ್ಕಿನ ಮೇಲಲ್ಲ, ಸೈಕಲ್ ಸವಾರರ ಜೀವ ಮತ್ತು ಸುರಕ್ಷತೆಯ ಹಕ್ಕಿನ ಮೇಲೆ. ಆದ್ದರಿಂದ ನಿಮ್ಮ ಊರಿನಲ್ಲಿ ಇಂಥದೇನಾದರೂ ನಡೆದಿದ್ದರೆ, ವಕೀಲರ ಬಳಿ ಹೋಗುವಾಗ ನಗರಸಭೆಯ ಠರಾವಿನ ಜೊತೆಗೆ, ಆ ನಿರ್ಧಾರದಿಂದ ಯಾರಿಗೆ, ಯಾವ ಬಗೆಯ ಹಾನಿಯಾಗುತ್ತದೆ ಎಂಬುದರ ದಾಖಲೆಗಳನ್ನೂ ತೆಗೆದುಕೊಂಡು ಹೋಗಿ.