ಆಗುಂಬೆ ಹಳ್ಳದ ಕಂದು ಕಪ್ಪೆಗಳು: ಬೆನ್ನು ನೋಡಿ ಹೆಸರು ಹೇಳಬೇಡಿ

ಆಗುಂಬೆ ಹತ್ತಿರದ ಒಂದೇ ಹಳ್ಳದಲ್ಲಿ ತೆಗೆದ ಮೂರು ಕಂದು ಕಪ್ಪೆಗಳ ಫೋಟೋ ಹಾಕಿ, ಇವೆಲ್ಲ ಒಂದೇ ಪ್ರಭೇದವೇ ಎಂದು ಕೇಳಿದ್ದೀರಿ. ಮೂರೂ ಬೆನ್ನಿನ ಫೋಟೋಗಳು. ಇಷ್ಟರಿಂದ ಹೆಸರು ಹೇಳಲಾಗದು. ಒಂದೇ ಪ್ರಭೇದದಲ್ಲಿ ಬೂದು, ಕಂದು, ಕೆಂಗಂದು ಎಲ್ಲವೂ ಸಿಗುತ್ತವೆ. ಮೈ ಒದ್ದೆಯಿದ್ದಾಗ ಒಂದು ಬಣ್ಣ, ಆರಿದಾಗ ಇನ್ನೊಂದು.

ಮೊದಲು ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು ಯಾವುದೆಂದು ಗೊತ್ತುಮಾಡಿಕೊಳ್ಳಿ. ಅದಕ್ಕೆ ಕಣ್ಣೇ ದಾರಿ. ಪಾಪೆ ವಜ್ರಾಕಾರದಲ್ಲಿದ್ದು, ಕಿವಿಯ ತಮಟೆ ಚರ್ಮದಡಿ ಮುಚ್ಚಿಹೋಗಿದ್ದು, ಬೆನ್ನಿನ ಮೇಲೆ ಉದ್ದುದ್ದ ಸುಕ್ಕುಗಳಿದ್ದರೆ ಅದು ಇರುಳುಗಪ್ಪೆ, ಅಂದರೆ ನಿಕ್ಟಿಬ್ಯಾಟ್ರಕಸ್. ಗಂಡಿನ ತೊಡೆಯಡಿ ಉಬ್ಬಿದ ಗ್ರಂಥಿಯೂ ಕಾಣುತ್ತದೆ. ಪಾಪೆ ಅಡ್ಡಲಾಗಿದ್ದು, ಸಪೂರ ಮೈಯ ಪುಟ್ಟ ಕಪ್ಪೆ ಹಗಲಲ್ಲೇ ಹರಿವಿನ ನಡುವಿನ ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತಿದ್ದರೆ ಕುಣಿಯುವ ಕಪ್ಪೆ, ಮೈಕ್ರಿಕ್ಸೇಲಸ್. ಪಾಪೆ ಅಡ್ಡಲಾಗಿದ್ದೂ ತಮಟೆ ಎದ್ದು ಕಂಡು, ಬೆನ್ನಿನ ಮೇಲೆ ತುಂಡು ತುಂಡು ಏಣುಗಳಿದ್ದರೆ ಇಂಡಿರಾನಾ ಎಂಬ ಕುಲ ಇರಬಹುದು. ಸುತ್ತಲಿನ ಒದ್ದೆ ಬಂಡೆಗಳನ್ನೂ ನೋಡಿ: ಇಂಡಿರಾನಾದ ಗೊದಮೊಟ್ಟೆಗಳು ನೀರಿನೊಳಗಲ್ಲ, ಬಂಡೆಯ ಮೇಲಿನ ತೆಳು ಪಸೆಗೆ ಅಂಟಿಕೊಂಡಿರುತ್ತವೆ.

ಇಲ್ಲಿಯವರೆಗೆ ಸುಲಭ. ಕುಲದೊಳಗಿನ ಪ್ರಭೇದಕ್ಕೆ ಬಂದಾಗಲೇ ಜನ ಎಡವುವುದು. ಮೈಕ್ರಿಕ್ಸೇಲಸ್‌ನಲ್ಲಿ ಪಶ್ಚಿಮಘಟ್ಟದಾದ್ಯಂತ 24 ಪ್ರಭೇದಗಳಿವೆ. ಅವುಗಳಲ್ಲಿ 14ಕ್ಕೆ ಕಪ್ಪೆ ತಜ್ಞ ಎಸ್.ಡಿ. ಬಿಜು ಅವರ ತಂಡ ಹೆಸರಿಟ್ಟಿದ್ದು 2014ರಲ್ಲಿ. ಅದಕ್ಕೂ ಮುಂಚಿನ ಬರಹಗಳಲ್ಲಿ ಕರ್ನಾಟಕದ ಕುಣಿಯುವ ಕಪ್ಪೆಗಳನ್ನು ಸ್ಯಾಕ್ಸಿಕೋಲಾ ಎಂಬ ಪ್ರಭೇದವೆಂದು ಬರೆದಿರುವುದುಂಟು. ಆ ಹೆಸರುಗಳನ್ನು ಹಾಗೇ ನಂಬಬೇಡಿ. ಹೆಸರು ಅಂಟಿಕೊಂಡಿರುವುದು ಮೂಲ ಮಾದರಿಗೆ, ಅಂದರೆ ಮೊದಲು ವರ್ಣಿಸುವಾಗ ಬಳಸಿದ ಕಪ್ಪೆಗೆ; ಅದು ಉಳಿದಿಲ್ಲದಿದ್ದರೆ ಅದು ಸಿಕ್ಕ ಜಾಗವೇ ಆಧಾರ. ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯನ್ನು ಕೊಟ್ಟಿಗೆಹಾರೆನ್ಸಿಸ್ ಎಂದು ವರ್ಣಿಸಿದರು, ಆದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಅವರ ಮಾದರಿಗಳು ಕಳೆದುಹೋಗಿವೆ. ಹಾಗಾಗಿ ಕೊಟ್ಟಿಗೆಹಾರದ ಹಳ್ಳದಲ್ಲೇ ಸಿಕ್ಕ ಕಪ್ಪೆಗೆ ಹೋಲಿಸಿಯೇ ಆ ಹೆಸರನ್ನು ಬಳಸಬೇಕು. ನಿಮ್ಮ ಕಡೆಗೆ ನಿಲುವಾಸೆ ಊರಿನ ಹೆಸರು ಹೊತ್ತ ನಿಲುವಾಸೆಯಿ ಇದೆ, ಅದನ್ನು ಮೊದಲು ಪರಿಶೀಲಿಸಿ.

ಇರುಳುಗಪ್ಪೆಗಳಲ್ಲಿ ಮೊಟ್ಟೆಯೇ ಅರ್ಧ ಗುರುತು. ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನಲ್ಲಿ ಹಲವು ಪ್ರಭೇದಗಳು ಒಂದೇ ತೊರೆಯಲ್ಲಿವೆ. 2014ರಲ್ಲಿ ವರ್ಣಿಸಿದ ಕುಂಬಾರ ಕಪ್ಪೆಯ ಜೋಡಿ ತಲೆಕೆಳಗಾಗಿ ನಿಂತು ಮೊಟ್ಟೆಯಿಡುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ನೆಟ್ಟಗೆ ನಿಂತು, ತೊರೆಯ ತಳದ ಮಣ್ಣನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಯ ಮೇಲೆ ಮೆತ್ತುತ್ತದೆ. ಮಣ್ಣು ಮೆತ್ತಿದ ಮೊಟ್ಟೆ ಕಂಡರೆ ಮೊದಲು ಈ ಹೆಸರೇ ನೆನಪಾಗಬೇಕು. ಇನ್ನೊಂದು ಇರುಳುಗಪ್ಪೆ ಪೆಟ್ರಿಯಸ್ ಹರಿವಿನ ಮೇಲೆ ಬಾಗಿದ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ.

ಮುಂದಿನ ಸಲ ಪ್ರತಿ ಕಪ್ಪೆಗೂ ಐದು ಫೋಟೋ ಬೇಕು: ಬೆನ್ನು, ಪಕ್ಕದಿಂದ ತಲೆ, ಹೊಟ್ಟೆ, ಅಂಗೈ, ಹಿಂಗಾಲ ಬೆರಳುಗಳ ನಡುವಿನ ಜಾಲ. ಹೊಟ್ಟೆ, ಅಂಗೈಗೆ ಕಪ್ಪೆಯನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದಿದ್ದರೆ ಮುಟ್ಟಬೇಡಿ, ಬಂಡೆಯ ಮೇಲೆ ಕೂತಲ್ಲೇ ಪಕ್ಕದಿಂದ, ಮುಂದಿನಿಂದ ತೆಗೆದರೂ ಸಾಕಷ್ಟು ಸಿಗುತ್ತದೆ. ಸೊಳ್ಳೆ ಮುಲಾಮು ಹಚ್ಚಿದ ಕೈಯನ್ನಂತೂ ಹತ್ತಿರ ತರಲೇಬೇಡಿ, ಕಪ್ಪೆಯ ಚರ್ಮ ಎಲ್ಲವನ್ನೂ ಹೀರುತ್ತದೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟನ್ನು ತೊಳೆದು ಒಣಗಿಸಿ, ಕಪ್ಪೆಗಳ ಶಿಲೀಂಧ್ರ ರೋಗ ಹಾಗೇ ಹಬ್ಬುವುದು.

ಕೂಗನ್ನೂ ಧ್ವನಿಮುದ್ರಿಸಿ. ಒಂದು ಮೀಟರ್ ಒಳಗಿನಿಂದ, ಕೂಗುತ್ತಿರುವ ಕಪ್ಪೆಯನ್ನು ಕಣ್ಣಾರೆ ನೋಡಿಕೊಂಡು. ಇಲ್ಲದಿದ್ದರೆ ಪಕ್ಕದ ಕಪ್ಪೆಯ ಕೂಗು ಇದರ ಹೆಸರಿಗೆ ಸೇರಿಬಿಡುತ್ತದೆ. ಗಾಳಿಯ ಉಷ್ಣತೆಯನ್ನು ಬರೆದಿಡಿ, ಚಳಿಯಲ್ಲಿ ಕೂಗಿನ ವೇಗ ಇಳಿಯುತ್ತದೆ.

ಇಷ್ಟಾದರೂ ಪ್ರಭೇದ ಬೇರ್ಪಡದಿದ್ದರೆ ಡಿಎನ್‌ಎ ಬೇಕು. ಪ್ರಭೇದ ಹೋಲಿಸಲು ಬಳಸುವ 16ಎಸ್ ಎಂಬ ಜೀನಿನ ಸುಮಾರು 500 ಬೇಸ್ ಜೋಡಿಗಳಲ್ಲಿ (ಡಿಎನ್‌ಎಯ ಅಕ್ಷರಗಳಲ್ಲಿ) 3%ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ಪ್ರಭೇದವೆಂದು ಶಂಕಿಸಬಹುದು; ಅದೊಂದೇ ತೀರ್ಪಲ್ಲ, ಮೈಲಕ್ಷಣ ಮತ್ತು ಕೂಗೂ ಅದನ್ನೇ ಹೇಳಬೇಕು. ಅಲ್ಲಿಯವರೆಗೆ ಫೋಟೋ ಕೆಳಗೆ ಕುಲದ ಹೆಸರು, ಹಳ್ಳದ ಹೆಸರು, ಸಮುದ್ರಮಟ್ಟದಿಂದ ಎತ್ತರ, ತಾರೀಖು ಮಾತ್ರ ಬರೆಯಿರಿ.